ಯುದ್ಧಕಾಲದ ಸ್ತ್ರೀಯರ ಚರಿತ್ರೆಗೆ ಹಣ ಕೊಡುವದು ಧರ್ಮವೋ?

ಒಬ್ಬ ಮನುಷ್ಯನ ಕೈಯಲ್ಲಿ ಸತ್ಕಾರ್ಯಕ್ಕೆಂದು ತೆಗೆದಿಟ್ಟ ಸ್ವಲ್ಪ ಹಣ ಉಂಟೆಂದು ಎಣಿಸಿರಿ. ಅವನ ಊರಿನಲ್ಲಿ ಪುಸ್ತಕವಿಲ್ಲದ ಮಗು ಉಂಟು, ಔಷಧವಿಲ್ಲದ ಮುದುಕ ಉಂಟು, ಮಳೆ ಬಂದರೆ ಸೋರುವ ಶಾಲೆಯೂ ಉಂಟು. ಹೀಗಿರುವಾಗ ಒಬ್ಬರು ಅವನ ಬಳಿಗೆ ಬಂದು, "ಯುದ್ಧಗಳ ಕಾಲದಲ್ಲಿ ಸ್ತ್ರೀಯರು ಏನು ಮಾಡಿದರು, ಏನು ಅನುಭವಿಸಿದರು ಎಂಬದನ್ನು ಒಬ್ಬ ಹುಡುಗಿಯು ಎರಡು ಮೂರು ವರುಷ ವಿಚಾರಿಸಿ ಕಲಿತು, ತರುವಾಯ ಇತರರಿಗೂ ಕಲಿಸುವ ಹಾಗೆ ಒಂದು ವಿದ್ಯಾರ್ಥಿವೇತನವನ್ನು ಏರ್ಪಡಿಸಬೇಕೆಂದಿದ್ದೇವೆ, ನೀವೂ ಸಹಾಯ ಮಾಡಿರಿ" ಎಂದು ಕೇಳಿಕೊಂಡರೆ, ಆ ಮನುಷ್ಯನು ಏನು ಉತ್ತರ ಕೊಡಬೇಕು? ಹಸಿದ ಮಗುವನ್ನು ಬಿಟ್ಟು ಹಳೆಯ ಕಥೆಗೆ ಹಣ ಕೊಡುವದು ಧರ್ಮವೋ? ಅಥವಾ ಕೊಡದೆ ಇರುವದೇ ಒಂದು ವಿಧವಾದ ಅನ್ಯಾಯವೋ? ಈ ಪ್ರಶ್ನೆಯು ಹಗುರವಾದದ್ದಲ್ಲ. ಬದುಕಿರುವವರ ಹಸಿವನ್ನೂ ಸತ್ತವರ ಮಾನವನ್ನೂ ಇದು ಒಂದೇ ತಕ್ಕಡಿಯಲ್ಲಿ ಇಡುತ್ತದೆ. ಆದಕಾರಣ ನಾವು ಇದನ್ನು ತಾಳ್ಮೆಯಿಂದ ವಿಚಾರಿಸೋಣ.

ಮೊದಲು ನಮ್ಮ ನಾಡಿನ ಒಂದು ಕಲ್ಲಿನ ಬಳಿಗೆ ಹೋಗೋಣ. ಬೆಂಗಳೂರು ಪಟ್ಟಣದ ದಕ್ಷಿಣ ದಿಕ್ಕಿನಲ್ಲಿ ಜಯನಗರ, ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಎಂಬ ದೊಡ್ಡ ಬಡಾವಣೆಗಳುಂಟು. ಈಗ ಮನೆಗಳೂ ಅಂಗಡಿಗಳೂ ಒತ್ತಾಗಿರುವ ಈ ಸ್ಥಳಗಳು ಹಿಂದೆ ಹೊಲಗಳೂ ಕೆರೆಗಳೂ ಹಳ್ಳಿಗಳೂ ಆಗಿದ್ದವು. ಬಿ. ಟಿ. ಎಂ. ಎಂಬವು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳೇ. ಅಲ್ಲಿಂದ ಇನ್ನೂ ದಕ್ಷಿಣಕ್ಕೆ ಬೇಗೂರು ಎಂಬ ಪುರಾತನವಾದ ಊರುಂಟು. ಅಲ್ಲಿಯ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು 890ನೆಯ ಇಸವಿಯದೆಂದು ಎಣಿಸಲ್ಪಟ್ಟಿರುವ ಒಂದು ಶಾಸನವಿದೆ. ಬೆಂಗಳೂರಿನ ಕಾಳಗದಲ್ಲಿ ನಾಗತ್ತರನೆಂಬ ಅಧಿಕಾರಿಯ ಕಡೆಯವರು ಮಡಿದರೆಂದು ಅದು ಹೇಳುತ್ತದೆ. ಬೆಂಗಳೂರು ಎಂಬ ಹೆಸರು ಕಾಣಿಸುವ ಲೇಖಗಳಲ್ಲಿ ಇದೇ ಅತಿ ಹಳೆಯದಾಗಿ ತಿಳಿದಿರುವದು. ಅಂದರೆ ಇಷ್ಟು ದೊಡ್ಡ ಪಟ್ಟಣದ ಹೆಸರು ನಮಗೆ ಮೊದಲು ದೊರೆಯುವದು ಒಂದು ಯುದ್ಧದ ನೆನಪಿನಲ್ಲಿ, ಸತ್ತವರ ಕಲ್ಲಿನ ಮೇಲೆ.

ಆ ಕಾಳಗದಲ್ಲಿ ಬಿದ್ದವರಿಗೆ ತಾಯಂದಿರು ಇದ್ದರು, ಹೆಂಡಂದಿರು ಇದ್ದರು, ಹೆಣ್ಣುಮಕ್ಕಳೂ ಇದ್ದಿರಬೇಕು. ಸೈನಿಕರಿಗೆ ಅನ್ನ ಬೇಯಿಸಿದವರು ಯಾರು? ಮನೆಗೆ ಬೆಂಕಿ ಬಿದ್ದಾಗ ಮಕ್ಕಳನ್ನು ಎತ್ತಿಕೊಂಡು ಓಡಿದವರು ಯಾರು? ಮರುವರುಷ ಹೊಲವನ್ನು ಉಳಿಸಿಕೊಂಡವರು ಯಾರು? ಕಲ್ಲು ಇದನ್ನು ಹೇಳುವದಿಲ್ಲ. ನಮ್ಮ ಸೀಮೆಯ ವೀರಗಲ್ಲುಗಳನ್ನು ನೋಡಿದವರು ಒಂದು ಸಂಗತಿಯನ್ನು ಬಲ್ಲರು: ಕೆಳಗಿನ ಸಾಲಿನಲ್ಲಿ ವೀರನು ಕಾದುತ್ತಾನೆ, ಅದರ ಮೇಲಿನ ಸಾಲಿನಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದುಕೊಂಡು ಹೋಗುತ್ತಾರೆ. ಹೀಗೆ ಆಕಾಶದ ಸ್ತ್ರೀಯರಿಗೆ ಆ ಕಲ್ಲಿನಲ್ಲಿ ಸ್ಥಳ ದೊರೆಯಿತು. ಮನೆಯ ಬಾಗಿಲಲ್ಲಿ ನಿಂತು ದಾರಿ ನೋಡಿದ ಸ್ತ್ರೀಗೆ ದೊರೆಯಲಿಲ್ಲ.

ಹೀಗಾದದ್ದು ಯಾಕೆ? ಕಲ್ಲು ಕೆತ್ತಿದವರ ದುಷ್ಟತನದಿಂದಲೇ ಎಂದು ನಾವು ಹೇಳಲಾರೆವು. ಯುದ್ಧದ ದಾಖಲೆಯನ್ನು ಬರೆಯಿಸುವವರು ಅರಸರೂ ದಂಡನಾಯಕರೂ ಲೆಕ್ಕದವರೂ ಆಗಿರುತ್ತಾರೆ. ಯಾರಿಗೆ ಸಂಬಳ ಕೊಡಬೇಕು, ಯಾರಿಗೆ ಭೂಮಿ ಬಿಡಬೇಕು, ಯಾರಿಗೆ ಪದಕ ಕೊಡಬೇಕು ಎಂಬದೇ ಅವರಿಗೆ ಬೇಕಾದದ್ದು. ಸಂಬಳದ ಪಟ್ಟಿಯಲ್ಲಿ ಇಲ್ಲದವರು ಚರಿತ್ರೆಯ ಪಟ್ಟಿಯಲ್ಲಿಯೂ ಇಲ್ಲದೆ ಹೋಗುತ್ತಾರೆ. 1918ನೆಯ ಇಸವಿ ಸೆಪ್ಟೆಂಬರ್ 23ರಲ್ಲಿ ಪಾಲೆಸ್ತೀನ ದೇಶದ ಹೈಫ ಪಟ್ಟಣವನ್ನು ಹಿಡಿದ ಕುದುರೆಯ ದಂಡುಗಳಲ್ಲಿ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಂಡೂ ಇತ್ತು. ಆ ದಂಡಿನಲ್ಲಿ ಮಡಿದವರ ಸ್ಮಾರಕಸ್ತಂಭವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ನಿಂತಿದೆ. ಅದು ನಿಂತಿರುವದು ಯೋಗ್ಯವೇ. ಆದರೆ ಆ ಸವಾರರು ಕಡಲಾಚೆ ಇದ್ದ ವರುಷಗಳಲ್ಲಿ ಅವರ ಮನೆಗಳನ್ನು ನಡಿಸಿದ ಸ್ತ್ರೀಯರಿಗೆ ಯಾವ ಸ್ತಂಭವನ್ನು ನಾವು ಕಂಡಿದ್ದೇವೆ?

ಇಲ್ಲಿ ಒಬ್ಬರು, "ನಮ್ಮ ನಾಡಿನ ವೀರಸ್ತ್ರೀಯರನ್ನು ನಾವು ಮರೆತಿಲ್ಲವಷ್ಟೆ" ಎಂದು ಹೇಳಬಹುದು. ಅದು ನಿಜ. 1824ನೆಯ ಇಸವಿಯಲ್ಲಿ ಕುಂಪಣಿಯ ಸೇನೆಯನ್ನು ಎದುರಿಸಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ತೀರಿಹೋದ ಕಿತ್ತೂರು ಚೆನ್ನಮ್ಮನ ಹೆಸರನ್ನು ಶಾಲೆಯ ಮಕ್ಕಳೆಲ್ಲರೂ ಬಲ್ಲರು. ಪೋರ್ತುಗೀಸರೊಡನೆ ಹೋರಾಡಿದ ಉಳ್ಳಾಲದ ಅಬ್ಬಕ್ಕನನ್ನೂ ಬಲ್ಲರು. ಶ್ರವಣಬೆಳಗೊಳದ ಸುಮಾರು ಹತ್ತನೆಯ ಶತಮಾನದ ಒಂದು ಕಲ್ಲಿನಲ್ಲಿ ಸಾವಿಯಬ್ಬೆ ಎಂಬಾಕೆಯು ಗಂಡನ ಸಂಗಡ ಯುದ್ಧಕ್ಕೆ ಹೋಗಿ ಅಲ್ಲಿಯೇ ಮಡಿದಳೆಂದು ಬರೆದದೆ. ಆಕೆಯು ಕುದುರೆಯ ಮೇಲೆ ಕೂತು ಕತ್ತಿ ಎತ್ತಿದ ರೂಪವೂ ಅಲ್ಲಿ ಉಂಟು. ಚಿತ್ರದುರ್ಗದ ಓಬವ್ವನ ಸಂಗತಿಯಾದರೋ ಇನ್ನೂ ವಿಶೇಷವಾದದ್ದು. ಆಕೆಯು ರಾಣಿಯಲ್ಲ, ಕೋಟೆಯ ಕಾವಲುಗಾರನ ಹೆಂಡತಿ. ಹೈದರಾಲಿಯ ಸೈನಿಕರು ಕಿಂಡಿಯಿಂದ ನುಸುಳಿದಾಗ ಒನಕೆಯಿಂದಲೇ ಅವರನ್ನು ತಡೆದಳೆಂಬ ಮಾತನ್ನು ಊರವರು ಬಾಯಿಂದ ಬಾಯಿಗೆ ಕಾಪಾಡಿಕೊಂಡು ಬಂದರು. ಅರಸನ ಲೇಖಕನು ಬಿಟ್ಟದ್ದನ್ನು ಜನರ ನಾಲಿಗೆಯು ಉಳಿಸಿಕೊಂಡಿತು.

ಆದರೂ ಗಮನಿಸಿರಿ: ಇವರೆಲ್ಲರೂ ಆಯುಧ ಹಿಡಿದವರು. ಗಂಡಸಿನ ಕೆಲಸವೆಂದು ಎಣಿಸಲ್ಪಟ್ಟದ್ದನ್ನು ಸ್ತ್ರೀಯು ಮಾಡಿದಾಗ ಮಾತ್ರ ನಾವು ಆಕೆಯನ್ನು ಯುದ್ಧದ ಚರಿತ್ರೆಯೊಳಗೆ ಕರೆದೆವು. ಒನಕೆಯಿಂದ ಶತ್ರುವನ್ನು ಹೊಡೆದವಳು ಪಾಠದಲ್ಲಿ ಸೇರಿದಳು. ಅದೇ ಒನಕೆಯಿಂದ ಮುತ್ತಿಗೆಯ ತಿಂಗಳುಗಳಲ್ಲೆಲ್ಲಾ ಧಾನ್ಯ ಕುಟ್ಟಿ ಕೋಟೆಯವರ ಪ್ರಾಣ ಉಳಿಸಿದವರು ಸೇರಲಿಲ್ಲ. ಯುದ್ಧವೆಂಬದು ರಣರಂಗದಲ್ಲಿ ನಡೆಯುವಷ್ಟೇ ಅಡಿಗೆಮನೆಯಲ್ಲಿಯೂ, ದಾರಿಯಲ್ಲಿಯೂ, ಆಸ್ಪತ್ರೆಯಲ್ಲಿಯೂ ನಡೆಯುತ್ತದೆ. 1942ರಲ್ಲಿ ಜಪಾನಿನ ಸೇನೆಯು ಬರ್ಮಾ ದೇಶವನ್ನು ಹಿಡಿದಾಗ ಅಲ್ಲಿದ್ದ ನಮ್ಮ ದೇಶದವರಲ್ಲಿ ಸುಮಾರು 4ರಿಂದ 5 ಲಕ್ಷ ಜನರು ತಾಯ್ನಾಡಿಗೆ ಓಡಿಬಂದರು. ಅವರಲ್ಲಿ ಬಹುಮಂದಿ ಕಾಡುಬೆಟ್ಟಗಳ ದಾರಿಯನ್ನು ಕಾಲ್ನಡಿಗೆಯಿಂದ ದಾಟಬೇಕಾಯಿತು, ಸಾವಿರಾರು ಮಂದಿ ದಾರಿಯಲ್ಲಿಯೇ ಸತ್ತರು. ಕೂಸನ್ನು ಕಂಕುಳಲ್ಲಿಟ್ಟು ನಡೆದ ತಾಯಂದಿರು ಅವರಲ್ಲಿ ಎಷ್ಟು ಮಂದಿಯೋ! ಅದೇ 1942ರಲ್ಲಿ ಸರಕಾರವು ಭಾರತದ ಸ್ತ್ರೀಯರ ಸಹಾಯಕ ದಳವನ್ನು ಸ್ಥಾಪಿಸಿತು. ಸಾವಿರಾರು ಸ್ತ್ರೀಯರು ಅದರಲ್ಲಿ ಲೆಕ್ಕ, ಟೆಲಿಫೋನು, ಬೆರಳಚ್ಚು, ಉಗ್ರಾಣ ಮೊದಲಾದ ಕೆಲಸಗಳನ್ನು ಮಾಡಿದರು. 1947ರಲ್ಲಿ ಆ ದಳವು ಮುಚ್ಚಿಹೋಯಿತು. 1943ರಲ್ಲಿ ಸಿಂಗಪುರದಲ್ಲಿ ಸುಭಾಷಚಂದ್ರ ಬೋಸರು ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್ ಅವರ ನಾಯಕತ್ವದಲ್ಲಿ ಏರ್ಪಡಿಸಿದ ಝಾನ್ಸಿ ರಾಣಿ ದಳದಲ್ಲಿ ಮಲಯದ ರಬ್ಬರ್ ತೋಟಗಳ ಕೂಲಿಕಾರರ ಹೆಣ್ಣುಮಕ್ಕಳು ಬಹಳ ಮಂದಿ ಇದ್ದರು. ನಾಯಕಿಯ ಹೆಸರು ಲೋಕಪ್ರಸಿದ್ಧವಾಯಿತು. ತೋಟದ ಹುಡುಗಿಯರ ಹೆಸರುಗಳನ್ನು ಹುಡುಕುವದಕ್ಕೆ ಒಬ್ಬರು ಬೇಕು. ಹುಡುಕುವವರಿಗೆ ಸಮಯ ಬೇಕು. ಸಮಯಕ್ಕೆ ಅನ್ನ ಬೇಕು.

ವಿದ್ಯಾರ್ಥಿವೇತನದ ಅರ್ಥವು ಇದೇ. ವಿದ್ಯೆಯೆಂಬದು ಗಾಳಿಯಲ್ಲಿ ಹುಟ್ಟುವದಿಲ್ಲ. ಹಳೆಯ ಕಾಗದಗಳಿರುವ ಪಟ್ಟಣಕ್ಕೆ ಹೋಗಲು ರೈಲಿನ ಹಣ ಬೇಕು, ಅಲ್ಲಿ ಉಳಕೊಳ್ಳಲು ಕೊಠಡಿ ಬೇಕು, ಮುದುಕಿಯೊಬ್ಬಳ ಬಾಯಿಂದ ಒಂದು ಮಾತು ಬರುವ ತನಕ ಹತ್ತು ದಿನ ಆಕೆಯ ಜಗಲಿಯಲ್ಲಿ ಕೂತುಕೊಳ್ಳುವ ಬಿಡುವು ಬೇಕು. ಐಶ್ವರ್ಯವಂತರ ಮಕ್ಕಳಿಗೆ ಈ ಬಿಡುವು ತಾನಾಗಿ ಉಂಟು. ಬಡವರ ಮಕ್ಕಳಿಗೆ ಯಾರಾದರೂ ಅದನ್ನು ಕೊಂಡುಕೊಡಬೇಕು. ಹಾಗೆ ಕೊಂಡುಕೊಡದಿದ್ದರೆ ಚರಿತ್ರೆಯನ್ನು ಬರೆಯುವವರು ಯಾವಾಗಲೂ ದೊಡ್ಡ ಮನೆಯವರೇ ಆಗುವರು. ದೊಡ್ಡ ಮನೆಯಿಂದ ಕಾಣಿಸುವಷ್ಟೇ ಅವರು ಬರೆಯುವರು.

ಈಗ ಆಕ್ಷೇಪಣೆಗಳನ್ನು ಒಂದೊಂದಾಗಿ ನೋಡೋಣ. ಮೊದಲನೆಯದು ಹಸಿವಿನ ಆಕ್ಷೇಪಣೆ. "ಸತ್ತವರ ಕಥೆಗಿಂತ ಬದುಕಿರುವ ವಿಧವೆಯ ಅನ್ನವು ದೊಡ್ಡದಲ್ಲವೋ?" ಎಂದು ಕೇಳುತ್ತಾರೆ. ಹೌದು, ದೊಡ್ಡದು. ನಮ್ಮ ಬಾಗಿಲಲ್ಲಿ ಒಬ್ಬ ವಿಧವೆಯು ಹಸಿದು ನಿಂತಿರುವಾಗ ಅವಳಿಗೆ ಅನ್ನವಿಕ್ಕದೆ, ವಿಧವೆಯರ ವಿಷಯವಾದ ಪುಸ್ತಕಕ್ಕೆ ಚಂದಾ ಬರೆಯುವವನು ಧರ್ಮಿಯಲ್ಲ. ಇದನ್ನು ನಾವು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳಬೇಕು. ಆದರೆ ತಿಳುವಳಿಕೆಯಿಲ್ಲದೆ ಮಾಡುವ ಸಹಾಯವು ಕೆಲವು ಸಾರಿ ಹೊಸ ಗಾಯವನ್ನು ಮಾಡುತ್ತದೆಂಬದಕ್ಕೂ ನಮ್ಮ ದೇಶದ ಚರಿತ್ರೆಯಲ್ಲಿಯೇ ದೃಷ್ಟಾಂತವುಂಟು.

1947ರಲ್ಲಿ ದೇಶವು ಎರಡಾದಾಗ ಪಂಜಾಬಿನಲ್ಲಿ ಯುದ್ಧಕ್ಕೆ ಸಮಾನವಾದ ಕಲಹವು ಉಂಟಾಗಿ, ಎರಡೂ ಕಡೆಗಳಲ್ಲಿ ಸಾವಿರಾರು ಸ್ತ್ರೀಯರು ಅಪಹರಿಸಲ್ಪಟ್ಟರು. ಇವರನ್ನು ಹುಡುಕಿ ತಮ್ಮ ಜನರಿಗೆ ಮುಟ್ಟಿಸಬೇಕೆಂದು ಎರಡು ಸರಕಾರಗಳೂ ಒಪ್ಪಂದ ಮಾಡಿಕೊಂಡವು. 1949ರಲ್ಲಿ ನಮ್ಮ ದೇಶದಲ್ಲಿ ಅದಕ್ಕಾಗಿ ಒಂದು ಕಾಯಿದೆಯೇ ಹುಟ್ಟಿತು, 1957ರ ತನಕ ಅದು ನಡೆಯಿತು. ಎರಡೂ ಕಡೆಗಳಲ್ಲಿ ಕೂಡಿ ಸುಮಾರು 30,000 ಮಂದಿ ಹೀಗೆ ತರಲ್ಪಟ್ಟರು. ಉದ್ದೇಶವು ದಯೆಯದೇ. ಆದರೆ ಆ ಸ್ತ್ರೀಗೆ ಹೋಗುವದಕ್ಕೆ ಮನಸ್ಸುಂಟೋ ಇಲ್ಲವೋ ಎಂಬ ಪ್ರಶ್ನೆಗೆ ಆ ಕಾಯಿದೆಯು ಬೆಲೆ ಕೊಡಲಿಲ್ಲ. ಕೆಲವರು ಸಂತೋಷದಿಂದ ತಾಯಿಯ ಮನೆಗೆ ಬಂದರು. ಕೆಲವರು ಹೊಸ ಮನೆಯಲ್ಲಿ ಹೆತ್ತ ಮಕ್ಕಳಿಂದ ಅಗಲಿಸಲ್ಪಟ್ಟರು. ಕೆಲವರು ಬಂದ ಮೇಲೆ, ಮಾನ ಹೋದವಳೆಂದು ಸ್ವಂತ ಜನರಿಂದಲೇ ತಳ್ಳಲ್ಪಟ್ಟರು. ಐವತ್ತು ವರುಷ ಇದನ್ನು ಕೇಳಿದವರು ಸ್ವಲ್ಪ ಮಂದಿಯೇ. ಊರ್ವಶಿ ಬುಟಾಲಿಯಾ ಎಂಬವರೂ, ರಿತು ಮೆನನ್ ಮತ್ತು ಕಮಲಾ ಭಾಸಿನ್ ಎಂಬವರೂ ಹಲವು ವರುಷ ಆ ಮುದುಕಿಯರ ಬಳಿಯಲ್ಲಿ ಕೂತು ಕೇಳಿ, 1998ರಲ್ಲಿ ಪುಸ್ತಕಗಳನ್ನು ಪ್ರಕಟಿಸಿದಾಗ ಲೋಕಕ್ಕೆ ಇದು ಚೆನ್ನಾಗಿ ತಿಳಿಯಿತು. ಇಂಥ ಚರಿತ್ರೆಯನ್ನು ಬಲ್ಲ ಅಧಿಕಾರಿಯು ಮುಂದಿನ ಆಪತ್ತಿನಲ್ಲಿ ನಿರಾಶ್ರಿತ ಸ್ತ್ರೀಯನ್ನು ಮೊದಲು, "ಅಮ್ಮಾ, ನಿಮ್ಮ ಮನಸ್ಸೇನು?" ಎಂದು ಕೇಳುವನು. ಆದದರಿಂದ ಹಳೆಯ ಸ್ತ್ರೀಯ ಕಥೆಯು ಮುಂದಿನ ಸ್ತ್ರೀಯ ಅನ್ನಕ್ಕೂ ಮಾನಕ್ಕೂ ಸಂಬಂಧಪಟ್ಟದ್ದೇ.

ಇದಲ್ಲದೆ ಭಿಕ್ಷೆಯು ಬೇರೆ, ಸಾಲವು ಬೇರೆ. ಹಸಿದವನಿಗೆ ಕೊಡುವದು ದಯೆ. ದುಡಿದವನ ಕೂಲಿಯನ್ನು ಕೊಡುವದು ನ್ಯಾಯ. ಯುದ್ಧಕಾಲದ ಸ್ತ್ರೀಯರು ದುಡಿದರು, ಆ ದುಡಿಮೆಯ ಮೇಲೆ ನಮ್ಮ ಹಿರಿಯರು ಬದುಕಿದರು, ಆ ಹಿರಿಯರಿಂದ ನಾವು ಹುಟ್ಟಿದೆವು. ಸಾಲ ಕೊಟ್ಟವನು ಬಾಗಿಲಿಗೆ ಬಂದು ಕೇಳದಿದ್ದ ಮಾತ್ರಕ್ಕೆ ಸಾಲವು ತೀರಿತೆಂದು ಹೇಳುವವನನ್ನು ನಮ್ಮ ಹಳ್ಳಿಗಳಲ್ಲಿ ಯಾರೂ ಪ್ರಾಮಾಣಿಕನೆಂದು ಕರೆಯುವದಿಲ್ಲವಷ್ಟೆ.

ಎರಡನೆಯದು ಮೌನದ ಆಕ್ಷೇಪಣೆ. "ಆರಿದ ಗಾಯವನ್ನು ಕೆದಕುವದು ಯಾಕೆ? ಆ ತಾಯಿ ಮರೆಯಬೇಕೆಂದಿರುವದನ್ನು ವಿದ್ಯಾರ್ಥಿನಿಯೊಬ್ಬಳು ಬಂದು ಕೇಳುವದು ಕ್ರೂರತನವಲ್ಲವೋ?" ಈ ಆಕ್ಷೇಪಣೆಯು ನಮಗೆ ಎಲ್ಲಾದಕ್ಕಿಂತ ಭಾರವಾದದ್ದಾಗಿ ತೋರುತ್ತದೆ. ಮೌನದಲ್ಲಿ ಎರಡು ವಿಧಗಳುಂಟು. ಒಂದು, ಸ್ತ್ರೀಯು ತಾನೇ ಆರಿಸಿಕೊಂಡ ಮೌನ. ಅದು ಅವಳ ಮನೆಯ ಬಾಗಿಲು, ಅದನ್ನು ಒಡೆಯುವ ಅಧಿಕಾರವು ಯಾವ ಪಂಡಿತರಿಗೂ ಇಲ್ಲ. ಮತ್ತೊಂದು, ಇತರರು ಅವಳ ಮೇಲೆ ಹೊರಿಸಿದ ಮೌನ: ಅವಳು ಹೇಳಬೇಕೆಂದಿದ್ದಳು, ಕೇಳುವವರಿಲ್ಲ, ಬಾಯಿ ತೆರೆದಳು, "ಸುಮ್ಮನಿರು, ಮನೆಯ ಮಾನ ಹೋದೀತು" ಎಂದರು. ಬೆಲಾರುಸ್ ದೇಶದ ಸ್ವೆತ್ಲಾನಾ ಅಲೆಕ್ಸಿಯೇವಿಚ್ ಎಂಬ ಪತ್ರಿಕಾ ಲೇಖಕಿಯು ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯೊಳಗೆ ಕೆಲಸ ಮಾಡಿದ ನೂರಾರು ಸ್ತ್ರೀಯರ ಮಾತುಗಳನ್ನು ಸಂಗ್ರಹಿಸಿ 1985ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದಳು. 2015ರಲ್ಲಿ ಆಕೆಗೆ ನೊಬೆಲ್ ಬಹುಮಾನವು ದೊರೆಯಿತು. ಅಲ್ಲಿಯ ಸ್ತ್ರೀಯರಲ್ಲಿ ಬಹಳ ಮಂದಿ ನಾಲ್ವತ್ತು ವರುಷ ಸುಮ್ಮನಿದ್ದವರು. ಯುದ್ಧದಿಂದ ಹಿಂತಿರುಗಿದ ಗಂಡಸಿಗೆ ಸನ್ಮಾನವೂ, ಅದೇ ಯುದ್ಧದಿಂದ ಹಿಂತಿರುಗಿದ ಹುಡುಗಿಗೆ ಸಂಶಯದ ನೋಟವೂ ಕಾದಿದ್ದದರಿಂದ ಅವರು ಪದಕಗಳನ್ನೂ ಮಾತನ್ನೂ ಅಡಗಿಸಿಟ್ಟಿದ್ದರು. ಇಂಥ ಮೌನವನ್ನು ಗೌರವಿಸುತ್ತೇವೆಂದು ಹೇಳಿ ದೂರ ನಿಲ್ಲುವದು ಗೌರವವಲ್ಲ, ಮೈಗಳ್ಳತನ. ಬಾಗಿಲನ್ನು ಮೆಲ್ಲಗೆ ತಟ್ಟಬೇಕು, ತೆರೆದರೆ ಕೂತುಕೊಳ್ಳಬೇಕು, ತೆರೆಯದಿದ್ದರೆ ನಮಸ್ಕಾರ ಮಾಡಿ ಹಿಂತಿರುಗಬೇಕು. ಈ ವಿವೇಕವನ್ನು ಕಲಿಸದ ವಿದ್ಯಾರ್ಥಿವೇತನವು ಕೊಡತಕ್ಕದ್ದಲ್ಲ.

ಮೂರನೆಯದು ಸಮಾಧಾನಪ್ರಿಯರ ಆಕ್ಷೇಪಣೆ. "ಯುದ್ಧದ ಕಥೆಗಳನ್ನು ಹೆಚ್ಚಿಸಿದರೆ ಮಕ್ಕಳು ಯುದ್ಧವನ್ನೇ ಪ್ರೀತಿಸುವರು, ಈಗ ಹುಡುಗಿಯರಿಗೂ ಆ ರೋಗ ಹತ್ತಿಸಬೇಕೋ?" ಎಂದು ಇವರು ಕೇಳುತ್ತಾರೆ. ಕತ್ತಿಯ ಹೊಳಪನ್ನು ಮಾತ್ರ ಹೇಳುವ ಕಥೆಯು ಹಾಗೆ ಮಾಡುವದುಂಟು. ಸ್ತ್ರೀಯರ ಪೂರ್ಣವಾದ ಚರಿತ್ರೆಯಾದರೋ ಯುದ್ಧದ ಬೆಲೆ ಏನೆಂದು ಕಾಸು ಕಾಸಾಗಿ ಲೆಕ್ಕ ಕೊಡುತ್ತದೆ. 1943ರಲ್ಲಿ ಯುದ್ಧದ ನಡುವೆ ಬಂಗಾಳದಲ್ಲಿ 20 ಲಕ್ಷಕ್ಕಿಂತ ಹೆಚ್ಚು ಜನರು ಕ್ಷಾಮದಿಂದಲೂ ಅದರ ಹಿಂದೆ ಬಂದ ರೋಗಗಳಿಂದಲೂ ಸತ್ತರು. ಆ ಸಾವಿನಲ್ಲಿ ಒಂದು ಗುಂಡಿನ ಶಬ್ದವೂ ಇಲ್ಲ. ಇದನ್ನು ಕಲಿತ ಮಗುವು ಯುದ್ಧವನ್ನು ಹಬ್ಬವೆಂದು ಎಣಿಸೀತೋ? ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಫ್ತಾಹನ ಮಗಳ ಸಂಗತಿಯನ್ನು ನಮ್ಮ ವಾಚಕರು ಬಲ್ಲರು. ತಂದೆಯು ಯುದ್ಧಕ್ಕೆ ಹೋಗುವಾಗ ಮಾಡಿದ ಹರಕೆಯ ಭಾರವು ಮಗಳ ತಲೆಯ ಮೇಲೆ ಬಿತ್ತು. ಜಯಿಸಿದ ತಂದೆಯ ಹೆಸರು ಅಲ್ಲಿ ಉಂಟು. ಮಗಳ ಹೆಸರು ಇಲ್ಲ. ಆದರೆ ಆ ದೇಶದ ಹೆಣ್ಣುಮಕ್ಕಳು ಪ್ರತಿವರುಷವೂ ನಾಲ್ಕು ದಿನ ಹೋಗಿ ಅವಳನ್ನು ಸ್ಮರಿಸುವ ಪದ್ಧತಿಯಾಯಿತೆಂದು ಅಲ್ಲಿಯೇ ಬರೆದದೆ. ಹೆಸರಿಲ್ಲದವಳಿಗೋಸ್ಕರ ವರುಷದಲ್ಲಿ ನಾಲ್ಕು ದಿನಗಳನ್ನು ಬಿಡುವುಮಾಡಿಕೊಂಡವರು ಯುದ್ಧವನ್ನು ಹೊಗಳುವದಕ್ಕೆ ಹೋದದ್ದಲ್ಲ. ತಂದೆಯ ಜಯದ ಬೆಲೆಯನ್ನು ಯಾರು ತೆತ್ತರೆಂಬದನ್ನು ಮರೆಯದ ಹಾಗೆ ಅವರು ಹೋದರು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಯೋಚಿಸಬೇಕು. 2021ನೆಯ ಇಸವಿ ಮೇ 8ರಲ್ಲಿ ಬೆಂಗಳೂರಿನ ಸೈನಿಕ ಪೊಲೀಸ್ ತರಬೇತಿ ಕೇಂದ್ರದಿಂದ 83 ಮಂದಿ ಹುಡುಗಿಯರು ಸಿಪಾಯಿಗಳಾಗಿ ಹೊರಟರು. ಆ ಪೊಲೀಸ್ ದಳದಲ್ಲಿ ಸ್ತ್ರೀ ಸಿಪಾಯಿಗಳ ಮೊದಲನೆಯ ತಂಡವು ಇದೇ. ಮುಂದಿನ ದಿವಸಗಳಲ್ಲಿ ನಮ್ಮ ಹಳ್ಳಿಗಳ ಹುಡುಗಿಯರೂ ಆ ದಾರಿಯನ್ನು ಹಿಡಿದಾರು. ತಮಗಿಂತ ಮೊದಲು ಆ ದಾರಿಯಲ್ಲಿ ನಡೆದವರಿಗೆ ಏನಾಯಿತು, ಸೇವೆ ಮುಗಿದ ಮೇಲೆ ಯಾರು ಅವರನ್ನು ನೆನಸಿದರು ಎಂಬದನ್ನು ತಿಳಿಯುವ ಹಕ್ಕು ಅವರಿಗಿಲ್ಲವೋ?

ಹಾಗಾದರೆ ಈ ವಿದ್ಯೆಗೆ ನಮ್ಮ ನಾಡಿನಲ್ಲಿ ಆಧಾರವುಂಟೋ? ಉಂಟು. ಜಯನಗರದ ಮೂರನೆಯ ಬ್ಲಾಕಿನಲ್ಲಿ ಎನ್. ಎಂ. ಕೆ. ಆರ್. ವಿ. ಮಹಿಳಾ ಕಾಲೇಜು 1973ರಿಂದ ನಡೆಯುತ್ತಿದೆ. ಅಲ್ಲಿ ಪ್ರಿನ್ಸಿಪಾಲರಾಗಿದ್ದ ಸಿ. ಎನ್. ಮಂಗಳಾ ಅವರು ಸ್ತ್ರೀಯರ ವಿಷಯವಾದ ಅಭ್ಯಾಸಕ್ಕಾಗಿ ಶಾಶ್ವತಿ ಎಂಬ ಸಂಸ್ಥೆಯನ್ನು ಕಟ್ಟಿ, ಸ್ತ್ರೀಯರು ಮಾಡಿದ ಮತ್ತು ಬಳಸಿದ ವಸ್ತುಗಳ ಒಂದು ಸಂಗ್ರಹಾಲಯವನ್ನೂ ಸ್ಥಾಪಿಸಿದರು. ಬಾಲ್ಯದಲ್ಲಿಯೇ ವಿಧವೆಯಾಗಿ, ಮನೆಯಲ್ಲಿಯೇ ಓದಿ, ಕನ್ನಡದಲ್ಲಿ ಕಾದಂಬರಿಗಳನ್ನು ಬರೆದು ಪತ್ರಿಕೆಯನ್ನೂ ನಡಿಸಿದ ನಂಜನಗೂಡು ತಿರುಮಲಾಂಬ ಎಂಬವರ ಹೆಸರಿನಲ್ಲಿ ಶಾಶ್ವತಿಯು ಲೇಖಕಿಯರಿಗೆ ಪ್ರಶಸ್ತಿಯನ್ನೂ ಕೊಟ್ಟಿತು. ಇದು ಯುದ್ಧಕ್ಕೆ ಮಾತ್ರ ಸೇರಿದ ಸಂಗ್ರಹವಲ್ಲ. ಆದರೂ ಇದರಿಂದ ಒಂದು ದೊಡ್ಡ ಪಾಠವನ್ನು ಕಲಿಯಬಹುದು. ಏನಂದರೆ, ಬೀಸುವ ಕಲ್ಲೂ ಕಸೂತಿಯ ಬಟ್ಟೆಯೂ ಅಡಿಗೆಯ ಪಾತ್ರೆಯೂ ಕಾಗದದ ಹಾಗೆಯೇ ಸಾಕ್ಷಿ ಹೇಳುತ್ತವೆ. ಬರಹ ಬಾರದವರ ಚರಿತ್ರೆಯನ್ನು ಅವರ ಕೈಗೆಲಸದಲ್ಲಿಯೇ ಓದಬೇಕು. ಬೇಗೂರಿನ ಕಲ್ಲು ಹೇಳದೆ ಬಿಟ್ಟದ್ದನ್ನು ಕೇಳಿಕೊಳ್ಳುವ ಒಂದು ಮನೆಯು ಅದೇ ದಕ್ಷಿಣ ದಿಕ್ಕಿನಲ್ಲಿ, ಸಾವಿರ ವರುಷಗಳ ಮೇಲೆ ಹುಟ್ಟಿತು.

ಇದಲ್ಲದೆ 1972ರಲ್ಲಿ ಸ್ಥಾಪಿತವಾದ ಭಾರತೀಯ ಇತಿಹಾಸ ಸಂಶೋಧನಾ ಪರಿಷತ್ತು ಚರಿತ್ರೆಯನ್ನು ಸಂಶೋಧಿಸುವವರಿಗೆ ವೇತನಗಳನ್ನು ಕೊಡುತ್ತದೆ. ಅದರ ದಕ್ಷಿಣ ಪ್ರಾಂತದ ಕೇಂದ್ರವು ಬೆಂಗಳೂರಿನಲ್ಲಿದೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ಪರೀಕ್ಷೆಯಲ್ಲಿ ಅರ್ಹತೆ ಪಡೆದ ಕಿರಿಯ ಸಂಶೋಧಕರ ವೇತನವನ್ನು 2023ನೆಯ ಇಸವಿ ಜನವರಿಯಿಂದ ತಿಂಗಳಿಗೆ 37,000 ರೂಪಾಯಿಗೆ ಏರಿಸಿದ್ದಾರೆ. ವಿಜಯಪುರದಲ್ಲಿ 2003ರಲ್ಲಿ ಸ್ತ್ರೀಯರಿಗಾಗಿಯೇ ಒಂದು ವಿಶ್ವವಿದ್ಯಾನಿಲಯವು ಹುಟ್ಟಿ ಈಗ ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. ಆದರೆ ಇವೆಲ್ಲಾ ಮೆಟ್ಟಿಲು ಹತ್ತಿ ಮೇಲೆ ಬಂದವರಿಗೆ ದೊರೆಯುವ ಸಹಾಯಗಳು. ಹಳ್ಳಿಯ ಹುಡುಗಿಯು ಕೆಳಗಿನ ಮೆಟ್ಟಿಲಲ್ಲಿಯೇ ನಿಂತುಬಿಡುತ್ತಾಳೆ. ಬಿ. ಎ. ಮುಗಿಸಿದವಳಿಗೆ, "ಇಷ್ಟು ಸಾಕು, ಮದುವೆಯಾಗು" ಎನ್ನುತ್ತಾರೆ, ಅಥವಾ "ಚರಿತ್ರೆ ಓದಿ ಹೊಟ್ಟೆ ತುಂಬೀತೋ?" ಎನ್ನುತ್ತಾರೆ. ಊರಿನವರು ಕೂಡಿ ಕೊಡುವ ಚಿಕ್ಕ ವೇತನಕ್ಕೆ ಸ್ಥಳವು ಇಲ್ಲಿಯೇ. ಯಾಕಂದರೆ ಹಳ್ಳಿಯ ಮುದುಕಿಯ ಮಾತನ್ನು ಅರ್ಥಮಾಡಿಕೊಳ್ಳುವದಕ್ಕೆ ಹಳ್ಳಿಯ ಹುಡುಗಿಗಿಂತ ಯೋಗ್ಯರು ಯಾರು? ಅಜ್ಜಿಯ ನುಡಿ ಅವಳ ನುಡಿಯೇ; ಯಾವ ಮಾತಿನ ಮುಂದೆ ಅಜ್ಜಿ ಸೆರಗನ್ನು ಬಾಯಿಗೆ ಹಿಡಿದಳೆಂಬದನ್ನು ಅವಳು ಕಾಣಬಲ್ಲಳು.

ಕೊಡುವವರಿಗೂ ಇಲ್ಲಿ ಒಂದು ಅಪಾಯವುಂಟು. ಅದನ್ನು ಹೇಳದೆ ಬಿಡಬಾರದು. ಹಣ ಕೊಟ್ಟವನು ಅನೇಕ ಸಾರಿ ತನಗೆ ಹಿತವಾದ ಕಥೆಯನ್ನೇ ಬಯಸುತ್ತಾನೆ. ತನ್ನ ಜಾತಿಯ ರಾಣಿ, ತನ್ನ ಸೀಮೆಯ ವೀರಮಾತೆ, ತನ್ನ ಸಭೆಯ ಸಾಧ್ವಿ ಇವರನ್ನೇ ಹೊಗಳಬೇಕೆಂದು ಬಾಯಿಬಿಟ್ಟು ಹೇಳದಿದ್ದರೂ ಎದುರುನೋಡುತ್ತಾನೆ. ಆದಕಾರಣ ಇಂಥ ವೇತನವನ್ನು ಕೊಡುವವರು ನಾಲ್ಕು ನಿಯಮಗಳನ್ನು ಇಟ್ಟುಕೊಳ್ಳುವದು ಒಳ್ಳೇದೆಂದು ನಮಗೆ ತೋರುತ್ತದೆ. ಒಂದು, ಕಲಿಯುವವಳು ಕಂಡದ್ದನ್ನು ಕಂಡ ಹಾಗೆಯೇ ಬರೆಯಲಿ. ನಮ್ಮವರ ತಪ್ಪು ಹೊರಬಿದ್ದರೂ ವೇತನವು ನಿಲ್ಲಬಾರದು. ಎರಡು, ಹೇಳಿದ ಸ್ತ್ರೀಯ ಅಪ್ಪಣೆಯಿಲ್ಲದೆ ಅವಳ ಹೆಸರನ್ನಾಗಲಿ ಗುಟ್ಟನ್ನಾಗಲಿ ಅಚ್ಚುಹಾಕಬಾರದು. ಕಥೆಗೆ ಒಡತಿ ಅವಳೇ. ಮೂರು, ಬಾಯಿಮಾತನ್ನು ಕಾಗದದೊಡನೆಯೂ, ಕಾಗದವನ್ನು ಬಾಯಿಮಾತಿನೊಡನೆಯೂ ಹೋಲಿಸಿ ಪರೀಕ್ಷಿಸಬೇಕು. ಕನಿಕರವು ಸತ್ಯದ ಸ್ಥಳದಲ್ಲಿ ಕೂತುಕೊಳ್ಳಬಾರದು. ನಾಲ್ಕು, ಕಲಿತದ್ದು ಪಟ್ಟಣದ ಪುಸ್ತಕಶಾಲೆಯಲ್ಲಿ ಸೇರಿಹೋಗದೆ, ಹೇಳಿದವರ ಊರಿಗೆ, ಅಲ್ಲಿಯ ಶಾಲೆಗೆ, ಅಲ್ಲಿಯ ನುಡಿಯಲ್ಲಿ ಹಿಂತಿರುಗಬೇಕು. ಕಲಿಸುವದಿಲ್ಲದ ಕಲಿಕೆಯು ಬಾಗಿಲಿಲ್ಲದ ಕಣಜದ ಹಾಗೆ. ಧಾನ್ಯವುಂಟು, ಯಾರಿಗೂ ದೊರೆಯದು.

ನಮ್ಮ ಸಭೆಗಳಿಗೂ ಈ ಕೆಲಸದಲ್ಲಿ ಒಂದು ಪಾಲುಂಟು. 1914ರ ಮಹಾಯುದ್ಧವು ಹುಟ್ಟಿದಾಗ ಬಾಸೆಲ್ ಮಿಶನಿನ ಜರ್ಮನ್ ದೇಶದ ಮಿಶನೆರಿಗಳು ಶತ್ರುದೇಶದವರೆಂದು ಹಿಡಿಯಲ್ಪಟ್ಟರು. 1915–16ರಲ್ಲಿ ಅವರಲ್ಲಿ ಬಹುಮಂದಿ ಹೆಂಡತಿ ಮಕ್ಕಳೊಂದಿಗೆ ಗೋಲ್ಕೊಂಡ ಎಂಬ ಹಡಗಿನಲ್ಲಿ ಯೂರೋಪಿಗೆ ಕಳುಹಿಸಲ್ಪಟ್ಟರು. ನೇಯಿಗೆಯ ಮತ್ತು ಹಂಚಿನ ಕಾರ್ಖಾನೆಗಳು ಕೈತಪ್ಪಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಗೆ ಸೇರಿದವು. ಆ ಕಾರ್ಖಾನೆಗಳ ಕೂಲಿಯಿಂದ ಬದುಕುತ್ತಿದ್ದ ಸ್ತ್ರೀಯರು ಆ ವರುಷಗಳನ್ನು ಹೇಗೆ ಕಳೆದರು? ಶಾಲೆಯ ಉಪಾಧ್ಯಾಯಿನಿಯರೂ ಬೈಬಲ್ ಸ್ತ್ರೀಯರೂ ಏನು ಮಾಡಿದರು? ಇದನ್ನು ಹುಡುಕುವವರಿಗೆ ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿಯೂ, ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಲ್ಲಿಯೂ ಹಳೆಯ ಕಾಗದಗಳ ಸಂಗ್ರಹಗಳುಂಟು. ಮಿಶನ್ ಮನೆಯಲ್ಲಿ ಬೆಳೆದ ಮಗನು ದೇಶದ ಚರಿತ್ರೆಗೆ ಎಷ್ಟು ಉಪಕಾರ ಮಾಡಬಲ್ಲನೆಂಬದಕ್ಕೂ ದೃಷ್ಟಾಂತವುಂಟು. ಲಂಡನ್ ಮಿಶನಿನ ರೈಸ್ ಅಯ್ಯನವರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ದೊರೆಗಳು ಸೀಮೆಯ ಸಾವಿರಾರು ಶಾಸನಗಳನ್ನು ಕೂಡಿಸಿ, 1886ರಿಂದ ಹನ್ನೆರಡು ಸಂಪುಟಗಳಲ್ಲಿ ಅಚ್ಚುಹಾಕಿಸಿದರು. ಅವರು ಕಲ್ಲುಗಳನ್ನು ಓದಿಸಿದರು. ಕಲ್ಲಿಲ್ಲದವರನ್ನು ಕೇಳುವ ಕೆಲಸವು ನಮಗೆ ಉಳಿದದೆ.

ಹಣವಿಲ್ಲದ ಸಭೆಯವರು ಏನು ಮಾಡಬಹುದು? ಹಳೆಯ ಸ್ನಾನ, ಮದುವೆ, ಸಮಾಧಿಯ ರಿಜಿಸ್ಟರುಗಳನ್ನು ಗೆದ್ದಲಿಗೂ ಮಳೆಗೂ ಕೊಡದೆ ಕಾಪಾಡಬಹುದು. ಯುದ್ಧದ ವರುಷಗಳಲ್ಲಿ ಯಾವ ವಿಧವೆ ಎಲ್ಲಿಂದ ಬಂದಳು, ಯಾವ ಕೂಸು ತಂದೆಯಿಲ್ಲದೆ ಬೆಳೆಯಿತು ಎಂಬದು ಆ ಪುಟಗಳಲ್ಲಿ ಉಂಟು. 1962, 1965, 1971, 1999ನೆಯ ಇಸವಿಗಳ ಯುದ್ಧಗಳಲ್ಲಿ ಗಂಡನನ್ನೋ ಮಗನನ್ನೋ ಕಳಕೊಂಡ ತಾಯಿ ಊರಿನಲ್ಲಿದ್ದರೆ, ಆಕೆಗೆ ಇಷ್ಟವಿದ್ದಲ್ಲಿ, ಓದುಬರಹ ಬಲ್ಲ ಮೊಮ್ಮಗಳು ಆಕೆಯ ಮಾತನ್ನು ತಾರೀಕು ಸಹಿತವಾಗಿ ಬರೆದಿಡಬಹುದು. ಓದುವ ಹುಡುಗಿಯುಳ್ಳ ಮನೆಯವರಿಗೆ ಇಂಥ ವೇತನಗಳ ಸುದ್ದಿಯನ್ನು ಮುಟ್ಟಿಸಬಹುದು. ಅರ್ಜಿ ಹಾಕುವ ಕಡೇ ದಿನ ಕಳೆದ ಮೇಲೆ ತಿಳಿಯುವ ಸುದ್ದಿಯಿಂದ ಬಡವರಿಗೆ ಪ್ರಯೋಜನವಿಲ್ಲ.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳೋಣ. ಹಸಿದವರಿಗೆ ಕೊಡತಕ್ಕದ್ದನ್ನು ಕಿತ್ತು ಚರಿತ್ರೆಗೆ ಕೊಡುವದು ಧರ್ಮವಲ್ಲ. ಆದರೆ ಹಬ್ಬಕ್ಕೂ ಮೆರವಣಿಗೆಗೂ ಕಲ್ಲಿನ ಫಲಕಕ್ಕೂ ನಾವು ಕೊಡುವ ಹಣದಲ್ಲಿ ಒಂದು ಪಾಲನ್ನು ತೆಗೆದು, ಒಬ್ಬ ಬಡ ಹುಡುಗಿಯು ಯುದ್ಧಕಾಲದ ಸ್ತ್ರೀಯರ ಮಾತನ್ನು ಕೇಳಿ ಕಲಿತು ಕಲಿಸುವ ಹಾಗೆ ಕೊಡುವದು ಧರ್ಮವೇ. ಅದರಲ್ಲಿಯೂ ದಯೆಯ ಧರ್ಮಕ್ಕಿಂತ ಸಾಲ ತೀರಿಸುವ ಧರ್ಮ. ಈ ಸಾಲಕ್ಕೆ ಒಂದು ವಾಯಿದೆಯೂ ಉಂಟು. 1942ರಲ್ಲಿ ಹತ್ತು ವರುಷದವಳಾಗಿದ್ದು ಬರ್ಮಾದ ಕಾಡನ್ನು ನಡೆದು ದಾಟಿದ ಹುಡುಗಿಯು ಬದುಕಿದ್ದರೆ ಈಗ ತೊಂಬತ್ತು ದಾಟಿದ ಮುದುಕಿ. ಕಲ್ಲು ಸಾವಿರ ವರುಷ ಕಾಯುತ್ತದೆ. ಆಕೆ ಕಾಯಲಾರಳು.